ಅಕ್ವೇರಿಯಂಗೆ ಮೆಟಲ್ ಹಾಲೈಡ್: ಚೋಕ್ ಮೊದಲು, ದೀಪ ಆಮೇಲೆ

ನಮ್ಮ ಅಕ್ವೇರಿಯಂ ನಾಲ್ಕಡಿ ಉದ್ದ, ಎರಡಡಿ ಅಗಲ, ಎರಡಡಿ ಆಳ. ಅಂಚಿನವರೆಗೆ ತುಂಬಿಸಿದರೆ 450 ಲೀಟರ್ ನೀರು ಹಿಡಿಯುತ್ತದೆ. ತೊಂದರೆ ಇದ್ದದ್ದು ಆ ಎರಡಡಿ ಆಳದಲ್ಲೇ. ಮೊದಲಿದ್ದ ಎಲ್‌ಇಡಿ ಪಟ್ಟಿಯ ಬೆಳಕು ಮೇಲಿನ ಅರ್ಧಕ್ಕೆ ಸಾಕಾಗುತ್ತಿತ್ತು, ತಳಕ್ಕೆ ಸಾಲುತ್ತಿರಲಿಲ್ಲ. ರೊಟಾಲಾ ಮಕ್ರಾಂಡ್ರಾ ಅಂತ ಒಂದು ಗಿಡ ಇದೆ. ದೂರದ್ದಲ್ಲ, ನಮ್ಮ ಪಶ್ಚಿಮ ಘಟ್ಟದ ಕಡೆಯದೇ. ಸರಿಯಾದ ಬೆಳಕು ಸಿಕ್ಕರೆ ಎಲೆ ಕಡುಗೆಂಪಾಗುತ್ತದೆ. ನಮ್ಮಲ್ಲಿ ಅದು ತುದಿಯಲ್ಲಿ ಮಾತ್ರ ನಸುಗೆಂಪು. ಬುಡದ ಎಲೆಗಳು ಉದುರಿ ಬರೀ ಕಡ್ಡಿ ಉಳಿಯುತ್ತಿತ್ತು.

ಇನ್ನೂ ಜೋರಿನ ಎಲ್‌ಇಡಿ ತರಬಹುದಿತ್ತು. ವಿಚಾರಿಸಿದೆ. ಅಗ್ಗದ ಪಟ್ಟಿಗಳ ಡಬ್ಬಿಯ ಮೇಲೆ ವ್ಯಾಟ್ ಬಿಟ್ಟರೆ ಬೇರೇನೂ ಬರೆದಿರುವುದಿಲ್ಲ. ಎರಡಡಿ ಕೆಳಗೆ ಎಷ್ಟು ಬೆಳಕು ಮುಟ್ಟುತ್ತದೆ ಅನ್ನುವುದನ್ನು ಹೇಳುವ ವಿದೇಶಿ ಲೈಟುಗಳೂ ಇವೆ. ಅವುಗಳ ಬೆಲೆ ನಮ್ಮ ಟ್ಯಾಂಕ್, ಸ್ಟ್ಯಾಂಡ್, ಫಿಲ್ಟರ್ ಎಲ್ಲ ಸೇರಿಸಿದ್ದಕ್ಕಿಂತ ಜಾಸ್ತಿ. ಅದೇ ಸಮಯಕ್ಕೆ ಚಿಕ್ಕಮಗಳೂರಿನ ಎಂ.ಜಿ. ರಸ್ತೆ ಕಡೆಯ ಬಟ್ಟೆ ಅಂಗಡಿಯೊಂದರಲ್ಲಿ ಹಳೇ ಫ್ಲಡ್‌ಲೈಟುಗಳನ್ನು ಬಿಚ್ಚಿ ಎಲ್‌ಇಡಿ ಹಾಕಿಸುತ್ತಿದ್ದರು. ಬೋರ್ಡಿಗೆ ಬೆಳಕು ಬಿಡುವ 150 ವ್ಯಾಟಿನ ಮೆಟಲ್ ಹಾಲೈಡ್ ಲೈಟುಗಳು ಅವು. ಗುಜರಿಗೆ ಹೋಗಬೇಕಿದ್ದ ಎರಡು ಫಿಟ್ಟಿಂಗ್ ನನ್ನ ಪಾಲಿಗೆ ಬಂದವು.

ಹಾಲೈಡ್ ಬೇಕು ಅಂತ ನನಗೆ ಅನ್ನಿಸಿದ್ದಕ್ಕೆ ಅಗ್ಗ ಅನ್ನುವುದೊಂದೇ ಕಾರಣ ಅಲ್ಲ. ಈ ದೀಪದೊಳಗೆ ಒಂದು ಪುಟ್ಟ ಕ್ವಾರ್ಟ್ಜ್ ಕೊಳವೆ ಇರುತ್ತದೆ. ಅದರೊಳಗೆ ಸ್ವಲ್ಪ ಪಾದರಸ, ಆರ್ಗಾನ್ ಅನಿಲ, ಲೋಹದ ಹಾಲೈಡ್ ಲವಣಗಳು. ಎರಡು ತುದಿಗಳ ನಡುವೆ ಕಿಡಿ ಹೊತ್ತಿಕೊಂಡು ಉರಿಯುತ್ತಲೇ ಇರುತ್ತದೆ. ಅಷ್ಟೂ ಬೆಳಕು ಅಷ್ಟು ಚಿಕ್ಕ ಜಾಗದಿಂದ ಹೊರಡುವುದರಿಂದ ನೀರಿನ ಮೇಲಿನ ಪ್ರತಿ ಅಲೆಯೂ ತಳದ ಮರಳಿನ ಮೇಲೆ ಗೆರೆಗೆರೆಯಾಗಿ ಓಡಾಡುತ್ತದೆ. ಹೊಳೆಯಲ್ಲಿ ಬಿಸಿಲು ಬಿದ್ದಾಗ ಕಾಣುತ್ತದಲ್ಲ, ಅದೇ. ಜಪಾನಿನ ತಕಾಶಿ ಅಮಾನೋ (1954–2015) ತಮ್ಮ ಗಿಡದ ಅಕ್ವೇರಿಯಂಗಳ ಮೇಲೆ ಮುಚ್ಚಳ ತೆಗೆದು ಹಾಲೈಡ್ ದೀಪಗಳನ್ನು ತೂಗುಹಾಕುತ್ತಿದ್ದರು. ಅಂಥ ಒಂದು ಟ್ಯಾಂಕಿನ ಫೋಟೋ ನೋಡಿದವರಿಗೆ ನಾನು ಬೇರೆ ಏನೂ ವಿವರಿಸಬೇಕಾಗಿಲ್ಲ.

ಒಂದು ದೀಪ ಸುಮಾರು ಎರಡಡಿಗೆ ಎರಡಡಿ ಜಾಗವನ್ನು ಚೆನ್ನಾಗಿ ಬೆಳಗುತ್ತದೆ. ನಾಲ್ಕಡಿಗೆ ಎರಡು ಬೇಕು. 250 ವ್ಯಾಟಿನ ಒಂದನ್ನೇ ನಡುವೆ ಹಾಕಿದರೆ ಎರಡು ಮೂಲೆ ಮಬ್ಬಾಗಿ ಉಳಿಯುತ್ತವೆ. ಹಾಗಾಗಿ 150ರ ಎರಡು ಅಂತ ತೀರ್ಮಾನವಾಯಿತು. ಇಲ್ಲಿವರೆಗೆ ಸುಲಭ.

ಅಕ್ವೇರಿಯಂ ಮಂದಿ ಸಾಮಾನ್ಯವಾಗಿ ತಲೆ ಕೆಡಿಸಿಕೊಳ್ಳುವುದು ದೀಪದ ಬಣ್ಣಕ್ಕೆ. ಹತ್ತು ಸಾವಿರ ಕೆಲ್ವಿನ್ನೋ, ಹದಿನಾಲ್ಕು ಸಾವಿರವೋ ಅಂತ. ನಮ್ಮಂಥ ಊರಲ್ಲಿ ಮೊದಲು ಯೋಚಿಸಬೇಕಾದದ್ದು ಚೋಕ್ ಬಗ್ಗೆ. ಪುಸ್ತಕದ ಮಾತಲ್ಲಿ ಬ್ಯಾಲಸ್ಟ್. ಹಾಲೈಡ್ ದೀಪವನ್ನು ನೇರವಾಗಿ ಕರೆಂಟಿಗೆ ಕೊಟ್ಟರೆ ಕಿಡಿ ಹೊತ್ತಿಕೊಂಡ ಮೇಲೆ ಅದು ಎಳೆಯುವ ಕರೆಂಟಿಗೆ ಮಿತಿಯೇ ಇರುವುದಿಲ್ಲ. ಏರುತ್ತಲೇ ಹೋಗಿ ದೀಪ ಸಿಡಿಯುತ್ತದೆ. ಅದಕ್ಕೆ ಕಡಿವಾಣ ಹಾಕುವುದು ಚೋಕ್. ಎಷ್ಟು ವೋಲ್ಟೇಜಿಗೆ ಎಷ್ಟು ಕರೆಂಟು ಬಿಡಬೇಕು, ಅದರಿಂದ ದೀಪ ಎಷ್ಟು ಬೆಳಗಬೇಕು, ಯಾವ ಬಣ್ಣದಲ್ಲಿ ಬೆಳಗಬೇಕು, ಎಲ್ಲಾ ಅದರ ಕೈಲಿದೆ. ಒಂದೇ ದೀಪವನ್ನು ಎರಡು ಬೇರೆ ಚೋಕಿಗೆ ಹಾಕಿ ನೋಡಿದರೆ ಬಣ್ಣದಲ್ಲಿ ವ್ಯತ್ಯಾಸ ಗೊತ್ತಾಗುತ್ತದೆ.

ಮೊದಮೊದಲು ನಾನು ಓದಿದ್ದೆಲ್ಲ ಅಮೆರಿಕದವರು ಬರೆದದ್ದು. ಅಲ್ಲಿ ಎಂ57 ಅಂದರೆ 175 ವ್ಯಾಟ್, ಎಂ58 ಅಂದರೆ 250, ಎಂ81 ಅಂದರೆ ಎರಡೂ ತುದಿಯಲ್ಲಿ ಕನೆಕ್ಷನ್ ಇರುವ 150 ವ್ಯಾಟಿನ ದೀಪಕ್ಕೆ ಸರಿಹೊಂದುವ ಬ್ಯಾಲಸ್ಟ್. ಅವರ ಕರೆಂಟು 120 ವೋಲ್ಟ್, 60 ಹರ್ಟ್ಜ್. ನಮ್ಮದು 230 ವೋಲ್ಟ್, 50 ಹರ್ಟ್ಜ್. ಅವರ ಕೋಡು ಹಿಡಿದುಕೊಂಡು ಇಲ್ಲಿಯ ಅಂಗಡಿಗೆ ಹೋಗಿ ಪ್ರಯೋಜನವಿಲ್ಲ. ಇಲ್ಲಿ ಕೇಳಬೇಕಾದ ಭಾಷೆ ಬೇರೆ. ಅದನ್ನು ನನಗೆ ಹೇಳಿಕೊಟ್ಟಿದ್ದು ಹಿಂದೆ ಬೀದಿದೀಪ ರಿಪೇರಿ ಮಾಡುತ್ತಿದ್ದ ಒಬ್ಬ ಎಲೆಕ್ಟ್ರಿಷಿಯನ್.

ಅವರು ಫ್ಲಡ್‌ಲೈಟಿನ ಹಿಂದಿನ ಮುಚ್ಚಳ ಬಿಚ್ಚಿದರು. "ಅಕ್ಕಾ, ಇದು ನಮ್ಮ ಸೋಡಿಯಂ ಚೋಕೇ" ಅಂದರು. ಹಳದಿ ಬೀದಿದೀಪಕ್ಕೆ ಹಾಕುತ್ತಿದ್ದದ್ದು. 150 ವ್ಯಾಟಿನ ಸೋಡಿಯಂ ದೀಪಕ್ಕೂ 150 ವ್ಯಾಟಿನ ಹಾಲೈಡ್ ದೀಪಕ್ಕೂ ಬೇಕಾದ ಕರೆಂಟು ಒಂದೇ, 1.8 ಆಂಪಿಯರ್. ಚೋಕಿನ ಚೀಟಿಯಲ್ಲಿ ಎರಡರ ಹೆಸರೂ ಒಟ್ಟಿಗೆ ಅಚ್ಚಾಗಿತ್ತು.

ಆ ಚೀಟಿಯನ್ನು ಓದಲು ಕಲಿತರೆ ಅರ್ಧ ಕೆಲಸ ಮುಗಿದಂತೆ. ಮೇಲೆ ವ್ಯಾಟ್, ವೋಲ್ಟ್, ಹರ್ಟ್ಜ್, ಆಂಪಿಯರ್. ಅದರ ಕೆಳಗೆ 'ಟಿಡಬ್ಲ್ಯು 130' ಅಂತ ಇದ್ದರೆ ಒಳಗಿನ ಸುರುಳಿ 130 ಡಿಗ್ರಿ ಸೆಲ್ಸಿಯಸ್‌ವರೆಗೆ ತಾಳುತ್ತದೆ ಎಂದರ್ಥ. ಪಕ್ಕದಲ್ಲಿ ತ್ರಿಕೋನದ ಗುರುತಿನೊಡನೆ ಇರುವ ಅಂಕಿ ಆ ಚೋಕ್ ಎಷ್ಟು ಡಿಗ್ರಿ ಬಿಸಿಯೇರುತ್ತದೆ ಅನ್ನುವುದು. ಅದು ಕಡಿಮೆ ಇದ್ದಷ್ಟೂ ಒಳ್ಳೆಯದು. ಅದರ ಕೆಳಗೆ ವೈರಿಂಗ್ ಚಿತ್ರ ಇರುತ್ತದೆ. ಲೈನು ಚೋಕಿಗೆ, ಚೋಕಿನಿಂದ ಇಗ್ನಿಟರಿನ 'ಬಿ'ಗೆ, 'ಎಲ್‌ಪಿ'ಯಿಂದ ದೀಪಕ್ಕೆ, 'ಎನ್' ನ್ಯೂಟ್ರಲಿಗೆ. ಇಗ್ನಿಟರ್ ಅನ್ನುವುದು ದೀಪ ಹೊತ್ತಿಸಲು ಕೆಲವು ಸಾವಿರ ವೋಲ್ಟಿನ ಹೊಡೆತ ಕೊಡುವ ಪುಟ್ಟ ಡಬ್ಬಿ. ದೀಪ ಹೊತ್ತಿದ ಮೇಲೆ ಅದು ಸುಮ್ನೆ ಇರುತ್ತದೆ.

ಈಗ ನನ್ನ ಮುಂದಿದ್ದ ಪ್ರಶ್ನೆ: ಈ ತಾಮ್ರದ ಚೋಕನ್ನೇ ಇಟ್ಟುಕೊಳ್ಳುವುದೋ, ಎಲೆಕ್ಟ್ರಾನಿಕ್ ಬ್ಯಾಲಸ್ಟ್ ತರಿಸುವುದೋ?

ಎಲೆಕ್ಟ್ರಾನಿಕ್ ಕಡೆ ಬಲವಾದ ವಾದಗಳಿವೆ. ಹಗುರ. ಸದ್ದಿಲ್ಲ. ಕರೆಂಟು ಸ್ವಲ್ಪ ಉಳಿಯುತ್ತದೆ. ಎಲ್ಲಕ್ಕಿಂತ ದೊಡ್ಡದು, ವೋಲ್ಟೇಜ್ ಏರುಪೇರಾದರೂ ಒಳ್ಳೆಯ ಎಲೆಕ್ಟ್ರಾನಿಕ್ ಬ್ಯಾಲಸ್ಟ್ ದೀಪಕ್ಕೆ ಕೊಡುವ ಶಕ್ತಿ ಹೆಚ್ಚುಕಮ್ಮಿ ಒಂದೇ ಇರುತ್ತದೆ. ತಾಮ್ರದ ಚೋಕಿನಲ್ಲಿ ಹಾಗಲ್ಲ. ವೋಲ್ಟೇಜ್ ಸ್ವಲ್ಪ ಬಿದ್ದರೂ ದೀಪದ ಶಕ್ತಿ ಅದಕ್ಕಿಂತ ಜಾಸ್ತಿ ಬೀಳುತ್ತದೆ.

ಇದನ್ನು ನಾನು ಕಣ್ಣಾರೆ ನೋಡಿದೆ. ನಮ್ಮದು ಊರಂಚಿನ ಮನೆ. ಫೆಬ್ರವರಿ, ಮಾರ್ಚಿನಲ್ಲಿ ಕಾಫಿ ಹೂವಿಗೆ ನೀರು ಹೊಡೆಯುವ ಸಮಯ. ಸುತ್ತ ಪಂಪುಗಳು ಓಡುತ್ತವೆ. ಸಂಜೆ ಹೊತ್ತಿಗೆ ಮನೆಯ ವೋಲ್ಟೇಜ್ 200ರ ಹತ್ತಿರಕ್ಕೆ ಇಳಿಯುತ್ತದೆ. ಹಿತ್ತಲಿನಲ್ಲಿ ಬರೀ ಚೋಕ್ ಮತ್ತು ದೀಪ ಜೋಡಿಸಿ ಉರಿಸಿ, ಮಲ್ಟಿಮೀಟರ್ ಹಿಡಿದು ಕೂತೆ. ಮಧ್ಯಾಹ್ನ 230 ಇದ್ದಾಗ ಗೋಡೆಯ ಮೇಲೆ ಬೀಳುವ ಬೆಳಕು ಶುದ್ಧ ಬಿಳಿ, ಸ್ವಲ್ಪ ಬೆಚ್ಚಗಿನ ಬಿಳಿ. ಸಂಜೆ ವೋಲ್ಟೇಜ್ ಇಳಿಯುತ್ತಿದ್ದಂತೆ ಅದೇ ಗೋಡೆ ಹಸಿರು ಮಿಶ್ರಿತ ನೀಲಿಗೆ ತಿರುಗಿತು. ಕೊಳವೆ ಬೇಕಾದಷ್ಟು ಬಿಸಿಯಾಗದೆ ಲವಣಗಳು ಪೂರ್ತಿ ಆವಿಯಾಗುವುದಿಲ್ಲ. ಆಗ ಪಾದರಸದ ಬಣ್ಣವೇ ಮೇಲುಗೈ ಆಗುತ್ತದೆ. ಮೀಟರ್ ನೋಡದೆ ಗೋಡೆ ನೋಡಿಯೇ ವೋಲ್ಟೇಜ್ ಹೇಳಬಹುದು ಅನ್ನುವಷ್ಟು ಸ್ಪಷ್ಟವಾಗಿತ್ತು.

ಹಾಗಿದ್ದರೆ ಎಲೆಕ್ಟ್ರಾನಿಕ್ ತರಬೇಕಿತ್ತು, ಅಲ್ವಾ? ನಾನು ತರಲಿಲ್ಲ. ಮುಂಗಾರಿಗೆ ಮುಂಚಿನ ಗುಡುಗು ಸಿಡಿಲು ನಮ್ಮಲ್ಲಿ ಕಮ್ಮಿ ಇಲ್ಲ. ಟಿವಿ ಸೆಟ್‌ಟಾಪ್ ಬಾಕ್ಸು, ಮೋಡೆಮ್ಮು ಸುಟ್ಟುಹೋಗದ ಮನೆ ನಮ್ಮ ಬೀದಿಯಲ್ಲಿ ಇಲ್ಲ. ಮಳೆ ಹಿಡಿದರೆ ತಿಂಗಳುಗಟ್ಟಲೆ ಗೋಡೆಯೂ ಒದ್ದೆ, ಬಟ್ಟೆಯೂ ಒದ್ದೆ. ಎಲೆಕ್ಟ್ರಾನಿಕ್ ಬ್ಯಾಲಸ್ಟ್ ಹೋದರೆ ಇಲ್ಲಿ ರಿಪೇರಿ ಮಾಡುವವರಿಲ್ಲ. ಬೆಂಗಳೂರಿನಿಂದ ಹೊಸದು ಬರುವವರೆಗೆ ಗಿಡಗಳು ಕತ್ತಲಲ್ಲಿ. ತಾಮ್ರದ ಚೋಕ್ ಹೋದರೆ? ಸ್ಕೂಟರಿನಲ್ಲಿ ಮಾರ್ಕೆಟ್ ರಸ್ತೆಗೆ ಹೋಗಿ ಸಂಜೆಯೊಳಗೆ ತಂದು ಹಾಕಬಹುದು. ಇಗ್ನಿಟರ್, ಕೆಪಾಸಿಟರ್ ಎಲ್ಲ ಬಿಡಿಬಿಡಿ. ಹಾಳಾದದ್ದನ್ನು ಮಾತ್ರ ಬದಲಾಯಿಸಿದರೆ ಸಾಕು. ದೂರದ ಊರುಗಳಲ್ಲಿ ಇರುವವರಿಗೆ ಇದು ಸಣ್ಣ ವಿಷಯ ಅಲ್ಲ.

ವೋಲ್ಟೇಜ್ ಸಮಸ್ಯೆಗೆ ಬೇರೆ ದಾರಿ ಇತ್ತು. ಹಾಲೈಡ್ ಉರಿಯುವ ಹೊತ್ತನ್ನೇ ಬದಲಾಯಿಸಿದೆ. ಬೆಳಿಗ್ಗೆ ಹತ್ತೂವರೆಯಿಂದ ಸಂಜೆ ನಾಲ್ಕೂವರೆ. ಆಗ ನಮ್ಮ ಲೈನು ಗಟ್ಟಿಯಾಗಿರುತ್ತದೆ. ಮನೆಯವರೆಲ್ಲ ಸಂಜೆ ಕೂತು ನೋಡಲು ನಾಲ್ಕಡಿಯ 54 ವ್ಯಾಟಿನ ಒಂದು ಟಿ5 ಟ್ಯೂಬ್. ಹೊಸ ಚೋಕುಗಳಲ್ಲಿ ಕೆಲವಕ್ಕೆ 220, 240 ಅಂತ ಎರಡು ತಂತಿಯ ಕೊಂಡಿ ಇರುತ್ತದೆ. ಹಗಲಿನ ವೋಲ್ಟೇಜ್ ಅಳೆದು ಅದಕ್ಕೆ ಹತ್ತಿರದ ಕೊಂಡಿಗೆ ಲೈನು ಕೊಡಬೇಕು. ಅಂಗಡಿಯವರು ಇದನ್ನು ಹೇಳುವುದಿಲ್ಲ, ನಾವೇ ಕೇಳಬೇಕು.

ಕರೆಂಟು ಹೋಗಿ ಬರುವ ವಿಷಯಕ್ಕೆ ಬರುತ್ತೇನೆ. ಹಾಲೈಡ್ ಆಯ್ಕೆ ಮಾಡುವವರು ಇಲ್ಲಿ ಅತಿ ಹೆಚ್ಚು ಗಮನ ಕೊಡಬೇಕಾದದ್ದು ಇದಕ್ಕೇ. ಈ ದೀಪ ಒಮ್ಮೆ ಆರಿದರೆ ತಕ್ಷಣ ಮತ್ತೆ ಹೊತ್ತುವುದಿಲ್ಲ. ಒಳಗೆ ಬಿಸಿ, ಒತ್ತಡ ಎರಡೂ ಜಾಸ್ತಿ ಇರುತ್ತವೆ. ಅದು ತಣ್ಣಗಾಗಲು 10ರಿಂದ 15 ನಿಮಿಷ ಬೇಕು. ಆ ಹೊತ್ತೆಲ್ಲ ಇಗ್ನಿಟರ್ ತನ್ನ ಪಾಡಿಗೆ ಹೊಡೆತ ಕೊಡುತ್ತಲೇ ಇರುತ್ತದೆ. ಜುಲೈಯಲ್ಲಿ ಗಾಳಿಗೆ ಎಲ್ಲೋ ಮರ ಬಿದ್ದು ಕರೆಂಟು ಹೋಗಿ ಬಂದು ಮಾಡುವಾಗ ಈ ಆಟ ದಿನವಿಡೀ ನಡೆಯುತ್ತದೆ. ದೀಪ, ಇಗ್ನಿಟರ್ ಎರಡರ ಆಯಸ್ಸೂ ಕಮ್ಮಿಯಾಗುತ್ತದೆ.

ಎಲೆಕ್ಟ್ರಿಷಿಯನ್ ಅಣ್ಣನಿಗೆ ಇದನ್ನು ಹೇಳಿದೆ. "ಪಂಪಿನ ಪ್ಯಾನೆಲ್‌ಗೆ ಹಾಕ್ತೀವಲ್ಲ ಅಕ್ಕ, ಆ ಡಿಲೇ ಟೈಮರ್ ಹಾಕಿಬಿಡೋಣ" ಅಂದರು. ಕರೆಂಟು ಬಂದ ಮೇಲೆ ಇಷ್ಟು ನಿಮಿಷ ಕಾದು ಆಮೇಲೆ ಲೈನು ಕೊಡುವ ಟೈಮರ್ ಅದು. ತೋಟದ ಪಂಪ್‌ಸೆಟ್ ಪ್ಯಾನೆಲ್ ಮಾಡುವವರ ಹತ್ತಿರ ಸಲೀಸಾಗಿ ಸಿಕ್ಕಿತು. 15 ನಿಮಿಷಕ್ಕೆ ಇಟ್ಟೆವು. ನಡುವೆ ಮತ್ತೆ ಕರೆಂಟು ಹೋದರೆ ಎಣಿಕೆ ಮೊದಲಿನಿಂದ ಶುರು. ದೀಪ ತಣ್ಣಗಾದ ಮೇಲೇ ಇಗ್ನಿಟರಿಗೆ ಕೆಲಸ. ಹೊತ್ತು ನೋಡಿ ಹಾಕುವ ಟೈಮರೂ ಇದೇ ಪ್ಯಾನೆಲ್ಲಿನಲ್ಲಿದೆ. ಆದರೆ ಎರಡೂ ಟೈಮರುಗಳು ನೇರವಾಗಿ ದೀಪದ ಕರೆಂಟು ಹೊರುವುದಿಲ್ಲ. ಅದು ಒಂದು ಕಾಂಟ್ಯಾಕ್ಟರ್, ಅಂದರೆ ಜಾಸ್ತಿ ಕರೆಂಟು ತಾಳುವ ಸ್ವಿಚ್, ಮೂಲಕ ಹೋಗುತ್ತದೆ. ಕೆಪಾಸಿಟರ್ ಇರುವ ಲೈನನ್ನು ಅಗ್ಗದ ಪ್ಲಗ್ ಟೈಮರಿಗೆ ಕೊಟ್ಟರೆ ಅದರೊಳಗಿನ ಪಾಯಿಂಟ್ ಅಂಟಿಕೊಂಡು, ರಾತ್ರಿಯಾದರೂ ದೀಪ ಆರದೆ ಇರಬಹುದು.

ಹಾಲೈಡ್ ಲೈನನ್ನು ಇನ್ವರ್ಟರಿನಿಂದ ಪೂರ್ತಿ ಹೊರಗಿಟ್ಟಿದ್ದೇನೆ. ಚೌಕ ಅಲೆಯ ಇನ್ವರ್ಟರಿಗೂ ಕೆಪಾಸಿಟರಿಗೂ ಆಗಿಬರುವುದಿಲ್ಲ. ಇನ್ವರ್ಟರ್ ಇರುವುದು ಫಿಲ್ಟರಿಗೆ, ಏರ್ ಪಂಪಿಗೆ. ಒಂದೆರಡು ದಿನ ಬೆಳಕಿಲ್ಲದಿದ್ದರೆ ಗಿಡ ಸಾಯುವುದಿಲ್ಲ. ನೀರು ಓಡಾಡದಿದ್ದರೆ ಮೀನು ಸಾಯುತ್ತವೆ.

ಕೆಪಾಸಿಟರ್ ಬಗ್ಗೆ ಒಂದು ಮಾತು. 150 ವ್ಯಾಟಿನ ಚೋಕಿಗೆ 20 ಮೈಕ್ರೋಫ್ಯಾರಡ್ ಕೆಪಾಸಿಟರ್ ಹಾಕುತ್ತಾರೆ. ಅದು ಇಲ್ಲದಿದ್ದರೂ ದೀಪ ಉರಿಯುತ್ತದೆ, ಆದರೆ ಲೈನಿನಿಂದ 1.8 ಆಂಪಿಯರ್ ಎಳೆಯುತ್ತದೆ. ಹಾಕಿದರೆ ಅದು ಅರ್ಧಕ್ಕಿಂತ ಕೆಳಗಿಳಿಯುತ್ತದೆ. ಅಂಗಡಿಯವರು "ಬಿಲ್ ಕಮ್ಮಿ ಬರುತ್ತೆ" ಅನ್ನುತ್ತಾರೆ. ಮನೆ ಮೀಟರು ಲೆಕ್ಕ ಹಾಕುವುದು ಯೂನಿಟ್ಟನ್ನು, ಆದ್ದರಿಂದ ಬಿಲ್ಲಿನಲ್ಲಿ ವ್ಯತ್ಯಾಸ ಕಾಣುವುದಿಲ್ಲ. ಲಾಭ ಆಗುವುದು ಮನೆಯ ವೈರಿಂಗಿಗೆ. ಹಳೇ ಮನೆಗಳಲ್ಲಿ ಅದೂ ಮುಖ್ಯವೇ.

ಬಿಲ್ಲಿನ ಲೆಕ್ಕ ಹೀಗಿದೆ. ಎರಡು ದೀಪಕ್ಕೆ 300 ವ್ಯಾಟ್, ಚೋಕುಗಳು ತಿನ್ನುವುದು ಸುಮಾರು 35. ಆರು ಗಂಟೆಗೆ ಎರಡು ಯೂನಿಟ್, ತಿಂಗಳಿಗೆ 60. ಗೃಹಜ್ಯೋತಿಯಲ್ಲಿ ನಮಗೆ ಸಿಗುವುದು 2022–23ರ ಸರಾಸರಿ ಬಳಕೆಯ ಮೇಲೆ ಶೇ. 10 ಸೇರಿಸಿದಷ್ಟು. ಅದಕ್ಕಿಂತ ಮೇಲೆ ಬಳಸಿದ್ದಕ್ಕೆ ದುಡ್ಡು ಕಟ್ಟಬೇಕು. ಒಟ್ಟು 200 ಯೂನಿಟ್ ದಾಟಿದರೆ ಪೂರ್ತಿ ಬಿಲ್ ನಮ್ಮದೇ. ಮಳೆಗಾಲದಲ್ಲಿ ಗೀಸರ್ ಜಾಸ್ತಿ ಓಡುವಾಗ ಆ ಗೆರೆ ಹತ್ತಿರ ಬರುತ್ತದೆ. ಆಗ ಹಾಲೈಡನ್ನು ಐದು ಗಂಟೆಗೆ ಇಳಿಸುತ್ತೇನೆ. ಗಿಡಗಳಿಗೆ ಅದರಿಂದ ಏನೂ ಆಗಿಲ್ಲ.

ಫಿಟ್ಟಿಂಗನ್ನು ಟ್ಯಾಂಕಿನ ಮೇಲೆ ಏರಿಸುವ ಮೊದಲು ಚೋಕುಗಳನ್ನು ಹೊರಗೆ ತೆಗೆದೆವು. ಒಂದೊಂದೂ ಎರಡು ಕೆಜಿಗಿಂತ ಮೇಲಿದೆ. ಅಷ್ಟು ಭಾರ, ಅಷ್ಟು ಬಿಸಿ ನೀರಿನ ನೆತ್ತಿಯ ಮೇಲೆ ಯಾಕೆ? ಗೋಡೆಗೆ ಗಾಳಿಯಾಡುವ ಕಬ್ಬಿಣದ ಪೆಟ್ಟಿಗೆ ಹೊಡೆದು, ರಬ್ಬರ್ ವಾಷರ್ ಕೊಟ್ಟು ಅದರಲ್ಲಿ ಕೂರಿಸಿದೆವು. ರಬ್ಬರ್ ಇಲ್ಲದಿದ್ದಾಗ ಇದ್ದ ಗುಂಯ್ ಸದ್ದು ಅರ್ಧಕ್ಕಿಂತ ಕಮ್ಮಿಯಾಯಿತು. ಇಗ್ನಿಟರ್ ಮಾತ್ರ ಫಿಟ್ಟಿಂಗಿನಲ್ಲೇ ಉಳಿಯಿತು. ಅದರಿಂದ ದೀಪಕ್ಕೆ ಹೋಗುವ ತಂತಿ ಉದ್ದವಾದರೆ ಹೊಡೆತ ದಾರಿಯಲ್ಲೇ ಸೋರಿಹೋಗುತ್ತದೆ. ಅಷ್ಟು ದೂರಕ್ಕೆ ಸಾವಿರಾರು ವೋಲ್ಟ್ ತಾಳುವ ಸಿಲಿಕಾನ್ ವೈರೇ ಬೇಕು, ಮನೆ ವೈರಿಂಗಿನ ವೈರು ಸಾಲದು. ಲೋಹದ ಭಾಗಗಳಿಗೆಲ್ಲ ಅರ್ತ್, ಲೈನಿಗೆ, ಕರೆಂಟು ಸೋರಿದರೆ ತಾನೇ ಕಡಿಯುವ, 30 ಮಿಲಿಆಂಪಿಯರ್‌ನ ಆರ್‌ಸಿಸಿಬಿ. ನೀರಿನ ಹತ್ತಿರ ಕರೆಂಟು ತರುವವರು ಇದರಲ್ಲಿ ದುಡ್ಡು ಉಳಿಸಲು ಹೋಗಬಾರದು.

ಫ್ಲಡ್‌ಲೈಟಿನ ಮುಂದಿನ ಗಾಜನ್ನು ಬೆಳಕು ಜಾಸ್ತಿ ಬರಲಿ ಅಂತ ತೆಗೆಯುವವರಿದ್ದಾರೆ. ದಯವಿಟ್ಟು ತೆಗೆಯಬೇಡಿ. ನಮ್ಮದರಂಥ ಎರಡು ತುದಿಯ ದೀಪಕ್ಕೆ ಹೊರಗೆ ಇರುವುದು ಕ್ವಾರ್ಟ್ಜ್ ಕವಚ ಮಾತ್ರ, ಅದೊಂದನ್ನೇ ನಂಬುವಂತಿಲ್ಲ. ಅಲ್ಟ್ರಾವಯಲೆಟ್ ತಡೆಯುವುದೂ, ಅಕಸ್ಮಾತ್ ಕೊಳವೆ ಒಡೆದರೆ ಚೂರುಗಳನ್ನು ತಡೆಯುವುದೂ ಆ ಗಾಜೇ. ದೀಪವನ್ನು ಬರಿಗೈಯಲ್ಲಿ ಮುಟ್ಟಬಾರದು. ಬೆರಳಿನ ಎಣ್ಣೆಯಂಶ ಬಿಸಿಗೆ ಕ್ವಾರ್ಟ್ಜ್ ಮೇಲೆ ಕಲೆಯಾಗಿ ಕೂರುತ್ತದೆ. ಬಟ್ಟೆಯಲ್ಲಿ ಹಿಡಿದು ಕೂರಿಸಿ, ಸ್ಪಿರಿಟ್‌ನಲ್ಲಿ ಒರೆಸಿದೆವು.

ದೀಪದ ಆಯ್ಕೆ ಇಷ್ಟೆಲ್ಲ ಆದ ಮೇಲೆ ಬಂತು, ಬೇಗ ಮುಗಿಯಿತು. ನಮ್ಮ ಹೋಲ್ಡರ್ ಆರ್‌ಎಕ್ಸ್ 7 ಎಸ್. ಅದಕ್ಕೆ ಬರುವ ಫಿಲಿಪ್ಸ್ ಎಂಎಚ್ಎನ್-ಟಿಡಿ 150 ವ್ಯಾಟ್ ದೀಪದ ಮೇಲೆ 842 ಅಂತ ಇರುತ್ತದೆ. ಮೊದಲ ಎಂಟು ಅಂದರೆ ಬಣ್ಣಗಳನ್ನು ಇದ್ದ ಹಾಗೆ ತೋರಿಸುವ ಅಳತೆ 80ಕ್ಕಿಂತ ಮೇಲೆ. 42 ಅಂದರೆ 4,200 ಕೆಲ್ವಿನ್. ಹತ್ತು ಸಾವಿರ, ಇಪ್ಪತ್ತು ಸಾವಿರ ಕೆಲ್ವಿನ್ನಿನ ನೀಲಿ ದೀಪಗಳು ಸಮುದ್ರದ ಹವಳದ ಟ್ಯಾಂಕಿನವರಿಗೆ. ನಮ್ಮ ಗಿಡಗಳಿಗೆ ಈ ಅಂಗಡಿ ದೀಪ ಚೆನ್ನಾಗಿಯೇ ಒಗ್ಗುತ್ತದೆ. ಸ್ವಲ್ಪ ಹಳದಿ ಎನಿಸುವುದನ್ನು 865ರ ಟಿ5 ಟ್ಯೂಬ್, ಅಂದರೆ 6,500 ಕೆಲ್ವಿನ್, ಸರಿದೂಗಿಸುತ್ತದೆ. ಹಾಲೈಡ್ ದೀಪ ಇಲ್ಲಿ ಸ್ಟಾಕ್ ಇರಲಿಲ್ಲ. ಬೆಂಗಳೂರಿನ ಬಿ.ವಿ.ಕೆ. ಅಯ್ಯಂಗಾರ್ ರಸ್ತೆಯಿಂದ ತರಿಸಿ, ಎರಡು ಹೆಚ್ಚಿಗೆ ಇಟ್ಟುಕೊಂಡಿದ್ದೇನೆ.

ನೀರಿನಿಂದ ಒಂದಡಿ ಮೇಲೆ ತೂಗುಹಾಕಿ ಸ್ವಿಚ್ ಹಾಕಿದಾಗ ಮೊದಲು ಟಿಕ್ ಎಂಬ ಸದ್ದು. ಮಸುಕಾದ ನೇರಳೆ. ನಿಧಾನವಾಗಿ ಹಸಿರು-ನೀಲಿ. ಮೂರು ನಾಲ್ಕು ನಿಮಿಷದಲ್ಲಿ ಪೂರ್ತಿ ಬಿಳಿ. ಬಾಗಿಲಲ್ಲಿ ನಿಂತಿದ್ದ ಅತ್ತೆ "ಹೊಳೆ ಬಂದ ಹಾಗಾಯ್ತಲ್ಲೇ" ಅಂದರು. ತಳದ ಮರಳಿನ ಮೇಲೂ, ಹಿಂದಿನ ಗೋಡೆಯ ಮೇಲೂ ಬೆಳಕಿನ ಗೆರೆಗಳು ಓಡುತ್ತಿದ್ದವು. ಮಿಸ್ ಕೇರಳ ಮೀನುಗಳ ಕೆಂಪು ಗೆರೆ ಅಷ್ಟು ಕೆಂಪು ಅಂತ ನನಗೆ ಅವತ್ತೇ ಗೊತ್ತಾಗಿದ್ದು.

ಇಷ್ಟು ಬೆಳಕು ಕೊಟ್ಟ ಮೇಲೆ ಇಂಗಾಲದ ಡೈಆಕ್ಸೈಡ್ ಸಿಲಿಂಡರ್ ಬೇಕೇ ಬೇಕು. ಇಲ್ಲದಿದ್ದರೆ ಬೆಳಕು ಪಾಚಿಯ ಪಾಲಾಗುತ್ತದೆ. ಬಿಸಿಯ ವಿಷಯದಲ್ಲಿ ಚಿಕ್ಕಮಗಳೂರು ಹಾಲೈಡಿಗೆ ಒಳ್ಳೆಯ ಊರು. ಡಿಸೆಂಬರಿನಲ್ಲಿ ದೀಪದ ಬಿಸಿಯಿಂದ ಹಗಲು ಹೀಟರ್ ಕೆಲಸ ಕಮ್ಮಿಯಾಗುತ್ತದೆ. ಏಪ್ರಿಲ್‌ನಲ್ಲಿ ನೀರು 29 ಡಿಗ್ರಿ ದಾಟಿದರೆ ನೀರಿನ ಮೇಲೆ ಅಡ್ಡವಾಗಿ ಒಂದು ಚಿಕ್ಕ ಫ್ಯಾನ್. ನೀರು ಆವಿಯಾಗಿ ಎರಡು ಮೂರು ಡಿಗ್ರಿ ಇಳಿಯುತ್ತದೆ. ಮಳೆಗಾಲದ ತೇವದಲ್ಲಿ ಆ ಉಪಾಯ ನಡೆಯುವುದಿಲ್ಲ, ಆದರೆ ಆಗ ಅದರ ಅಗತ್ಯವೂ ಬೀಳುವುದಿಲ್ಲ. ರೊಟಾಲಾ ಈಗ ಬುಡದಿಂದಲೇ ಕೆಂಪು.

ದೀಪ ಉರಿಯುತ್ತಿದೆ ಎಂದ ಮಾತ್ರಕ್ಕೆ ಅದು ಗಿಡಕ್ಕೆ ಸಾಕಾಗುತ್ತದೆ ಅಂತಲ್ಲ. ವರ್ಷ, ಒಂದೂವರೆ ವರ್ಷಕ್ಕೆ ಬೆಳಕು ಕುಗ್ಗಿ ಬಣ್ಣ ಬದಲಾಗುತ್ತದೆ. ಆಗ ಬದಲಾಯಿಸಬೇಕು. ಹಳೆಯದನ್ನು ಕಸದ ಗಾಡಿಗೆ ಹಾಕಬೇಡಿ. ಪಾದರಸ ಇರುವ ದೀಪಗಳು ಇ-ತ್ಯಾಜ್ಯ ನಿಯಮದ ಅಡಿ ಬರುತ್ತವೆ, ಇ-ತ್ಯಾಜ್ಯ ತೆಗೆದುಕೊಳ್ಳುವವರಿಗೇ ಕೊಡಬೇಕು.

ಹಾಸನದಲ್ಲಿರುವ ನಾದಿನಿ ನಮ್ಮದನ್ನು ನೋಡಿ ತನಗೂ ಬೇಕು ಅಂದಳು. "ಅತ್ತಿಗೆ, ರಾತ್ರಿ ಗುಂಯ್ ಅಂತ ಸದ್ದು ಬರುತ್ತಾ?" ಅಂತ ಮೊದಲು ಕೇಳಿದ್ದು. ಅವಳ ಟ್ಯಾಂಕ್ ಇರುವುದು ಮಗುವಿನ ರೂಮಿನ ಪಕ್ಕ. ಅವರ ಬಡಾವಣೆಯಲ್ಲಿ ವೋಲ್ಟೇಜೂ ಚೆನ್ನಾಗಿದೆ, ಕರೆಂಟು ಹೋಗುವುದೂ ಕಮ್ಮಿ. ಅವಳಿಗೆ ಎಲೆಕ್ಟ್ರಾನಿಕ್ ಬ್ಯಾಲಸ್ಟೇ ಸರಿ ಅಂತ ಹೇಳಿದೆ, ಜೊತೆಗೆ ಒಂದು ಸರ್ಜ್ ಪ್ರೊಟೆಕ್ಟರ್. ಈಗ ಅವಳು ಎರಡೂವರೆ ಅಡಿ ಆಳದ ಟ್ಯಾಂಕ್ ಮಾಡಿಸಬೇಕು ಅಂತಿದ್ದಾಳೆ. ಅದಕ್ಕೆ 250 ವ್ಯಾಟ್ ಬೇಕಾಗುತ್ತದೆ. ಹೋಲ್ಡರ್ ಎಫ್‌ಸಿ2, ಕರೆಂಟು 3 ಆಂಪಿಯರ್. 150ರ ಬ್ಯಾಲಸ್ಟ್ ಅದಕ್ಕೆ ನಡೆಯುವುದಿಲ್ಲ. ಗಾಜಿನವರಿಗೆ ಅಡ್ವಾನ್ಸ್ ಕೊಡುವ ಮುಂಚೆ 250ರ ಬ್ಯಾಲಸ್ಟ್ ಎಲ್ಲಿ ಸಿಗುತ್ತದೆ ನೋಡಿಕೋ ಅಂತ ಹೇಳಿದ್ದೇನೆ.